ಕೂಸಿಗೆ ಆರಾಮಿಲ್ಲ, ಯಾರಿಗೂ ಹೇಳಬೇಡಿ

ನನ್ನ ಮಗಳು ಅಂಗನವಾಡಿಗೆ ಹೋಗಲು ಶುರು ಮಾಡಿದ ವರ್ಷ ಅಕ್ಷರ ಒಂದೂ ಕಲಿಯಲಿಲ್ಲ, ನೆಗಡಿ ಮಾತ್ರ ಚೆನ್ನಾಗಿ ಕಲಿತಳು. ನೆಗಡಿ ಹೋಯಿತು ಎನ್ನುವಷ್ಟರಲ್ಲಿ ಕೆಮ್ಮು, ಕೆಮ್ಮು ಇಳಿಯಿತು ಎಂದರೆ ಭೇದಿ, ಅದೂ ನಿಂತಿತಲ್ಲ ಎಂದು ಎಣ್ಣೆ ಹಚ್ಚಿ ತಲೆಗೆ ಎರೆದರೆ ಮಾರನೆಯ ದಿನ ಜ್ವರ. ನಮ್ಮೂರು ಇಂಡಿಯಲ್ಲಿ ಡಾಕ್ಟರು ನಮ್ಮನ್ನು ಕಂಡ ಕೂಡಲೇ "ಬರ್ರಿ ಬರ್ರಿ, ಈ ಸಲ ಏನ್ ತಂದೀರಿ?" ಎಂದು ಕೇಳುತ್ತಿದ್ದರು, ನಾವೇನೋ ಸಂತೆಯಿಂದ ಬಂದವರ ಹಾಗೆ. ಸಣ್ಣ ಮಕ್ಕಳೆಂದರೆ ಹೀಗೇ, ಬೀಳುತ್ತ ಏಳುತ್ತಲೇ ಗಟ್ಟಿಯಾಗುತ್ತವೆ ಎಂದು ಸಮಾಧಾನವನ್ನೂ ಹೇಳುತ್ತಿದ್ದರು. ಆದರೆ ನನಗೆ ಸಿಟ್ಟು ಇದ್ದದ್ದು ಕಾಯಿಲೆಯ ಮೇಲಲ್ಲ, ಮಾತಾಡಿಸಲು ಬರುವವರ ಮೇಲೆ.

ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲವೆಂದರೆ ಬಂಧುಬಳಗ ಬಂದು ಮಾತಾಡಿಸಿ ಹೋಗಬೇಕು. ಬರದೇ ಹೋದರೆ ಆ ಮಾತು ಮುಂದಿನ ಮದುವೆಯ ಪಂಕ್ತಿಯಲ್ಲಿ ಏಳುತ್ತದೆ. ಹಾಸಿಗೆ ಹಿಡಿದ ಹಿರಿಯರಿಗೆ ಸರಿ. ವರ್ಷವಿಡೀ ಮೂಗು ಸೋರುವ ಕೂಸನ್ನು ಎಷ್ಟು ಸಲ ಮಾತಾಡಿಸುತ್ತೀರಿ? ಅದಕ್ಕೆ ಸರಿಯಾಗಿ ನಮ್ಮ ಅತ್ತೆ ಫೋನಿನಲ್ಲಿ ಸ್ಟೇಟಸ್ ಹಾಕುವುದನ್ನು ಕಲಿತಿದ್ದರು. ಮಗಳ ಹಣೆಗೆ ಒದ್ದೆ ಬಟ್ಟೆ ಇಟ್ಟರೆ ಸಾಕು, ಒಂದು ಫೋಟೋ, ಕೆಳಗೆ ಕೈಮುಗಿದ ಚಿತ್ರ. ಮರುದಿನ ಮುದ್ದೇಬಿಹಾಳದಿಂದ ಚಿಕ್ಕತ್ತೆ, ಹೂವಿನ ಹಿಪ್ಪರಗಿಯಿಂದ ನನ್ನ ಗಂಡನ ಅಕ್ಕ, ಕೈಯಲ್ಲಿ ಬಿಸ್ಕೀಟು, ಕಂಕುಳಲ್ಲಿ ತಮ್ಮ ತಮ್ಮ ಮಕ್ಕಳು. ಆ ಮಕ್ಕಳ ಮೂಗೂ ಸೋರುತ್ತಿರುತ್ತಿತ್ತು.

"ಅಯ್ಯ, ಭಾಳ ಸೊರಗೇತಲ್ಲವಾ ಕೂಸು!" ಎಂದು ಒಬ್ಬೊಬ್ಬರೂ ಅವಳ ಗಲ್ಲ ಹಿಂಡುವರು. ಒಬ್ಬರು ಬಜೆ ತೇಯ್ದು ನೆಕ್ಕಿಸು ಎನ್ನುವರು, ಇನ್ನೊಬ್ಬರು ಉಪ್ಪು ಮೆಣಸಿನಕಾಯಿ ಇಳಿಸಿ ಬೆಂಕಿಗೆ ಹಾಕುವರು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರೆ "ದೃಷ್ಟಿ ಆಗಿಲ್ಲ ಬಿಡು" ಎಂದು ನೆಮ್ಮದಿಯಿಂದ ಊಟಕ್ಕೆ ಕೂರುವರು. ನಾನು ರೊಟ್ಟಿ ಬಡಿಯುತ್ತಿದ್ದೆ, ಹಲ್ಲು ಕಡಿಯುತ್ತಿದ್ದೆ. ಅವರು ಬಸ್ಸು ಹತ್ತಿ ವಾರ ಕಳೆಯುವುದರೊಳಗೆ ಮಗಳಿಗೆ ಹೊಸದೊಂದು ರೋಗ ಅಂಟಿರುತ್ತಿತ್ತು.

ಆ ಮಳೆಗಾಲದಲ್ಲಿ ಕೆಮ್ಮು ಎದೆಗೆ ಇಳಿಯಿತು. ಮಗಳು ಊಟ ಬಿಟ್ಟಳು. ಗಂಜಿ ತಂದರೆ ಹಲ್ಲು ಕಚ್ಚಿ ಕೂರುವಳು, ಬಾಳೆಹಣ್ಣು ತೋರಿಸಿದರೆ ಗೋಡೆಗೆ ಮುಖ ಮಾಡುವಳು. ಡಾಕ್ಟರು ಆ ಸಲ ಚೇಷ್ಟೆ ಮಾಡಲಿಲ್ಲ. "ತೂಕ ಇಳದೈತ್ರಿ. ಏನರ ತಿನ್ನಾಕ ಚಾಲೂ ಮಾಡಿದ್ರ ಚಲೋ, ಇಲ್ಲಾಂದ್ರ ಅಡ್ಮಿಟ್ ಮಾಡಬೇಕಾಗ್ತೈತಿ. ಮತ್ತ ಯಾರದೂ ನೆಗಡಿ ತಗಲಬಾರದು" ಎಂದರು.

ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಅತ್ತೆಯ ಫೋನಿನಲ್ಲಿ ನೆಟ್ ಆಫ್ ಮಾಡಿದ್ದು. "ಊರಿಗೇ ನೆಟ್ ಇಲ್ಲಂತ್ರಿ ಅತ್ತಿ" ಎಂದೆ. ಅವರು ಮಾಳಿಗೆ ಹತ್ತಿ, ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು, ಕಂಪನಿಯವರ ವಂಶವನ್ನೆಲ್ಲ ಬೈದು ಬಂದರು. ಆದರೂ ಮಗಳು ತಿನ್ನಲಿಲ್ಲ. ಇನ್ನೊಬ್ಬ ಡಾಕ್ಟರನ್ನೂ ಕೇಳೋಣವೆನಿಸಿತು. ಇಂಡಿಯಲ್ಲಿ ಯಾವ ದವಾಖಾನೆಯ ಬೆಂಚಿನ ಮೇಲೆ ಕೂತರೂ ಸ್ಟೇಟಸ್ ಹಾಕಿದಂತೆಯೇ. ಹಾಗಾಗಿ ನಮ್ಮ ಬಳಗದವರು ಒಬ್ಬರೂ ಇಲ್ಲದ ಊರೆಂದು ಮಗಳನ್ನು ಎತ್ತಿಕೊಂಡು ಸಿಂದಗಿ ಬಸ್ಸು ಹತ್ತಿದೆ.

ಸಿಂದಗಿಯ ದವಾಖಾನೆಯಲ್ಲಿ ಮೂಲೆ ಹಿಡಿದು, ತಲೆಯ ಮೇಲಿನ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತೆ. ಪಕ್ಕದಲ್ಲಿ ಇನ್ನೊಬ್ಬಾಕೆ ನನಗಿಂತ ಉದ್ದ ಸೆರಗು ಎಳೆದುಕೊಂಡು ಗೋಡೆ ನೋಡುತ್ತ ಕೂತಿದ್ದರು. ಅವರ ತೊಡೆಯ ಮೇಲಿದ್ದ ಹುಡುಗ ನನ್ನನ್ನೇ ನೋಡಿ "ಮಾಮಿ!" ಎಂದು ಕೂಗಿದ. ಸೆರಗು ಸರಿಯಿತು. ಹೂವಿನ ಹಿಪ್ಪರಗಿಯ ನಾದಿನಿ, ನನ್ನ ಗಂಡನ ಅಕ್ಕ!

"ಅಕ್ಕಾರ, ನೀವು ಇಲ್ಲಿ? ನಿಮ್ಮೂರ ಬಾಜೂಕ ಬಾಗೇವಾಡ್ಯಾಗ ಡಾಕ್ಟರ್ ಇಲ್ಲೇನ್ರಿ?"

"ಇಂಡ್ಯಾಗ ಇಲ್ಲೇನು?"

ಸಿಕ್ಕಿಬಿದ್ದವರಂತೆ ಇಬ್ಬರೂ ಸೆರಗು ಸರಿಮಾಡಿಕೊಂಡೆವು. ನಾನೇನು ಸಾಚಾ ಅಲ್ಲ, ಆದರೂ ನನಗೆ ನಿಜವಾಗಿ ಕೆಟ್ಟದೆನಿಸಿತು. "ಹುಡುಗಗ ಆರಾಮಿಲ್ಲಂತ ಒಂದ್ ಮಾತು ಹೇಳಬಾರದೇನ್ರಿ? ನಾವು ಮಾತಾಡಸಾಕ ಬರ್ತಿದ್ವಿ."

"ಅದಕ್ಕ ಹೇಳಲಿಲ್ಲವಾ" ಎಂದರು ನಾದಿನಿ. "ಸಿಟ್ಟಾಗಬ್ಯಾಡ. ನಿನ್ನ ಮಗಳನ್ನ ಕಂಡು ಬಂದಾಗೊಮ್ಮಿ ಇವ ಹಾಸಿಗಿ ಹಿಡಿತಾನ. ನಮ್ಮ ಮನ್ಯಾಗ ಇದಕ್ಕ ಇಂಡಿ ಕೆಮ್ಮು ಅಂತನ ಹೆಸರಿಟ್ಟಾರ."

ನನ್ನ ಮೈಯೆಲ್ಲ ಉರಿಯಿತು. ಇವರು ಹೊತ್ತು ತಂದ ರೋಗಕ್ಕೆ ನಮ್ಮ ಊರಿನ ಹೆಸರು! ಎಲ್ಲಿಂದ ಶುರು ಮಾಡಲಿ, ಭೇದಿಯಿಂದಲೋ ಜ್ವರದಿಂದಲೋ ಎಂದು ಯೋಚಿಸಿ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಮಡಿಲು ಹಗುರವಾಗಿರುವುದು ಗೊತ್ತಾಯಿತು.

ಮಕ್ಕಳಿಬ್ಬರೂ ಬೆಂಚಿನ ಕೆಳಗೆ ಸೇರಿದ್ದರು. ಹುಡುಗನ ಕೈಯಲ್ಲಿ ಒಂದು ಬಿಸ್ಕೀಟು. ತಾನೊಂದು ತುಂಡು ಕಚ್ಚಿ, ಅದನ್ನೇ ನನ್ನ ಮಗಳ ಬಾಯಿಗೆ ಹಿಡಿಯುತ್ತಿದ್ದ. ಅವನ ಮೂಗಿನ ಸಿಂಬಳ ತುಟಿಗೆ ಬಂದಿತ್ತು. ನನ್ನ ಮಗಳು ಕಚ್ಚಿದಳು. ಅಗಿದಳು. ನುಂಗಿದಳು. ಮತ್ತೆ ಬಾಯಿ ತೆರೆದು ಕಾದಳು.

ಅವಳನ್ನು ಎಳೆದುಕೊಳ್ಳಲು ಮುಂದೆ ಹೋದ ನನ್ನ ಕೈ ಅಲ್ಲೇ ನಿಂತಿತು. ನಾದಿನಿಯ ಕೈಯೂ ಮಗನ ಕಡೆ ಹೋಗಿ ಅರ್ಧಕ್ಕೆ ನಿಂತಿತ್ತು. ಇಬ್ಬರೂ ಬಗ್ಗಿ ನೋಡಿದೆವು. ಬಿಸ್ಕೀಟು ಮುಗಿಯಿತು. ಮಗಳು ಅವನ ಖಾಲಿ ಅಂಗೈ ನೋಡಿ ಮುಖ ಸಪ್ಪಗೆ ಮಾಡಿದಳು. ನನಗೆ ಅಳು ಬಂದಿತ್ತು.

"ಅಕ್ಕಾರ, ಇನ್ನೊಂದು ಐತೇನ್ರಿ?" ಎಂದೆ.

ನಾದಿನಿ ಆಗಲೇ ಚೀಲದಲ್ಲಿ ಕೈಯಾಡಿಸುತ್ತಿದ್ದರು. "ತಡಿಯವಾ, ಕೊಡ್ತೇನಿ" ಎಂದರು. "ಇವನೂ ಮೊನ್ನಿಯಿಂದ ಏನೂ ಮುಟ್ಟಿದ್ದಿಲ್ಲ."