ಶರ್ಮಿಳಕ್ಕನಿಗೆ ಸಿಕ್ಕಿದ ಸಿಟ್ಟಿನ ಪಾರ್ಟು

ನಮ್ಮ ಪಕ್ಕದ ಮನೆಯ ಶರ್ಮಿಳಕ್ಕ ನಟಿ. ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ನಮ್ಮ ಕಟ್ಟಡದ ಆರನೇ ಮಾಳಿಗೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅದೂ ಹೆಸರಿಗೆ ಗೋಡೆ. ಅವರು ಚಮಚ ಬೀಳಿಸಿದರೆ ನನ್ನ ಹೆಂಡತಿ ಪುಷ್ಪಾವತಿ ನಮ್ಮ ಅಡುಗೆಮನೆಯಲ್ಲಿ ಬಗ್ಗಿ ಹುಡುಕುತ್ತಾಳೆ.

ಶರ್ಮಿಳಕ್ಕ ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಅಪ್ಪ ಅಮ್ಮ ಮಂಗಳೂರಿನವರು. ಅಪ್ಪನದು ಹಾಲು, ಪೇಪರು, ಸಿಗರೇಟಿನ ಅಂಗಡಿ. ಮನೆಯೊಳಗೆ ಇಂಗ್ಲಿಷ್ ಆಡಿದರೆ ಅಮ್ಮ ಊಟ ಹಾಕುತ್ತಿರಲಿಲ್ಲವಂತೆ. ಹಾಗಾಗಿ ಶರ್ಮಿಳಕ್ಕನದು ನಮ್ಮೂರ ಕನ್ನಡವೇ, ಅವರ ಅಮ್ಮ ಊರು ಬಿಟ್ಟ ಕಾಲದ್ದು.

ನಟಿ ಎಂದ ಕೂಡಲೇ ಪೋಸ್ಟರು ನೆನೆಸಿಕೊಳ್ಳಬೇಡಿ. ಇಂಗ್ಲಿಷ್ ಧಾರಾವಾಹಿಗಳಲ್ಲಿ ಆಸ್ಪತ್ರೆ ಬಂದರೆ ಅವರು ನರ್ಸು. ಅಂಗಡಿ ಬಂದರೆ ಅಂಗಡಿಯವನ ಹೆಂಡತಿ. ‘ಡಾಕ್ಟರ್ ಈಗ ಬರ್ತಾರೆ’, ‘ಬೇರೆ ಏನಾದ್ರೂ ಬೇಕಾ’ ಎಂಬ ಎರಡು ಮಾತಿನಲ್ಲೇ ಮೂವತ್ತು ವರ್ಷ ಕಳೆದವರು. ಒಮ್ಮೆ ಪತ್ತೇದಾರಿ ಕಥೆಯೊಂದರಲ್ಲಿ ಹೆಣವಾಗಿದ್ದರು. ಪರದೆಯ ಮೇಲೆ ಅಷ್ಟು ಹೊತ್ತು ಮತ್ತೆಂದೂ ಇರಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಒಂದು ದಿನ ತಮ್ಮ ಹಳೆಯ ಪಾರ್ಟು ತೋರಿಸಲು ಲ್ಯಾಪ್‌ಟಾಪ್ ಹಿಡಿದು ನಮ್ಮಲ್ಲಿಗೆ ಬಂದರು. "ಈಗ ಬರ್ತದೆ, ನೋಡಿ" ಎಂದರು. ನಾನು ಚಹಾ ಹೀರಲು ತಲೆ ಬಗ್ಗಿಸಿದೆ. ಎತ್ತುವಷ್ಟರಲ್ಲಿ ಪಾರ್ಟು ಮುಗಿದಿತ್ತು.

"ಹೇಗಾಯ್ತು ಕೂಸಪ್ಪಣ್ಣ?"

"ಗೋಡೆಯ ಬಣ್ಣ ಚೆಂದ ಇತ್ತು ಅಕ್ಕ" ಎಂದೆ. ನನಗೆ ಗೊತ್ತಿದ್ದ ಹೊಗಳಿಕೆ ಅಷ್ಟೇ.

ಬರೆದದ್ದೂ ಉಂಟು. ಕ್ರಿಸ್‌ಮಸ್ ಊಟದಲ್ಲಿ ಇಂಗ್ಲಿಷರು ಕಾಗದದ ಕೊಳವೆಯನ್ನು ಇಬ್ಬರು ಎರಡು ಕಡೆಯಿಂದ ಎಳೆದು ಪಟ್ಟೆಂದು ಒಡೆಯುತ್ತಾರಂತೆ. ಒಳಗಿನ ಚೀಟಿಯಲ್ಲಿ ಒಂದು ಜೋಕು ಇರುತ್ತದೆ. ಆ ಜೋಕುಗಳನ್ನು ಕೆಲವು ವರ್ಷ ಬರೆದವರು ಶರ್ಮಿಳಕ್ಕ. "ನನ್ನನ್ನು ದೇಶಕ್ಕೆ ದೇಶವೇ ಓದ್ತದೆ. ಓದಿ ಥೂ ಅಂತದೆ" ಎನ್ನುತ್ತಾರೆ. ರೇಡಿಯೋಗೆ ಒಂದು ನಾಟಕ ಬರೆದರು. ಅದರಲ್ಲಿ ಗಂಡನ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುವ ಹೆಂಗಸೊಬ್ಬಳು ಬರುತ್ತಾಳೆ. ತಾನೇ ಮಾಡಬೇಕೆಂದು ಬರೆದ ಪಾರ್ಟು ಅದು. ರೇಡಿಯೋದವರು ನಾಟಕ ತೆಗೆದುಕೊಂಡರು, ಆ ಪಾರ್ಟನ್ನು ಬೇರೆಯವರಿಗೆ ಕೊಟ್ಟರು. "ನಿಮ್ಮ ದನಿ ತುಂಬ ಮೃದು" ಎಂದು ಇವರಿಗೆ ನೆರೆಮನೆಯವಳ ಪಾರ್ಟು.

ನಿರ್ದೇಶಕಿಯಾದದ್ದು ಹಡಗಿನಲ್ಲಿ. ಇಂಗ್ಲೆಂಡಿನಿಂದ ರಾಟರ್‌ಡ್ಯಾಮಿಗೆ ರಾತ್ರಿಯಿಡೀ ಬರುವ ಹಡಗಿನಲ್ಲಿ ಮಕ್ಕಳ ನಾಟಕ ಆಡಿಸುತ್ತಿದ್ದರು. ಅಲೆ ಜೋರಾದ ದಿನ ನೋಡುವವರು ವಾಂತಿ ಮಾಡುತ್ತಿದ್ದರು. "ಸಮುದ್ರಕ್ಕಾ ನಾಟಕಕ್ಕಾ ಅಂತ ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ." ಆ ಹಡಗಿನ ಡಚ್ ಇಂಜಿನಿಯರನ್ನು ಮದುವೆಯಾಗಿ ಇಲ್ಲಿ ಇಳಿದರು. ಮದುವೆ ಮುಗಿಯಿತು, ಮನೆ ಉಳಿಯಿತು.

ಇಲ್ಲಿ ಅವರ ಹೊಟ್ಟೆ ತುಂಬಿಸಿದ್ದು ಬೇರೆಯೇ ನಟನೆ. ಈ ದೇಶದ ಕಂಪನಿಗಳು ತಮ್ಮ ಮ್ಯಾನೇಜರುಗಳಿಗೆ ಕಷ್ಟದ ಮಾತು ಆಡುವುದನ್ನು ಕಲಿಸಲು ನಟರನ್ನು ಕರೆಸುತ್ತವೆ. ನಟ ನೌಕರನಾಗಿ ಎದುರು ಕೂರುತ್ತಾನೆ. ಹೊಸ ಡ್ರೈವರು ಖಾಲಿ ಮೈದಾನದಲ್ಲಿ ಕಾರು ತಿರುಗಿಸಿದ ಹಾಗೆ ಮ್ಯಾನೇಜರು ಅವನ ಮೇಲೆ ಅಭ್ಯಾಸ ಮಾಡುತ್ತಾನೆ. ಕೊರೊನಾ ಬಂದ ಮೇಲೆ ಅದೂ ನಿಂತಿತು. ನಾಟಕಶಾಲೆಗಳಿಗೆ ಬೀಗ. ಆಫೀಸುಗಳಿಗೂ ಬೀಗ. ನಾನು ಅಡುಗೆ ಮಾಡುತ್ತಿದ್ದ ಆಫೀಸು ಕ್ಯಾಂಟೀನಿಗೂ ಬೀಗ.

ಕೊರೊನಾದ ಎರಡನೇ ವರ್ಷದ ಫೆಬ್ರವರಿಯಲ್ಲಿ ಲೆಸ್ಟರ್‌ನಿಂದ ಅವರ ತಮ್ಮ ಪ್ರೀತಮ್ ಫೋನು ಮಾಡಿದ. ಅಪ್ಪನ ಅಂಗಡಿ ಈಗ ಅವನದು. ತಮ್ಮನ ಜೊತೆ ಶರ್ಮಿಳಕ್ಕ ಫೋನಿನ ಸ್ಪೀಕರು ಹಾಕಿಯೇ ಮಾತಾಡುವವರು, ಗೋಡೆಯ ದೆಸೆಯಿಂದ ನಾವೂ ಕೇಳಿದೆವು.

"ಅಕ್ಕ, ಇನ್ನು ಸಾಕು. ಇಲ್ಲಿ ಕೌಂಟರಿಗೆ ಜನ ಬೇಕು. ಭಾನುವಾರದೊಳಗೆ ಹೇಳು, ಇಲ್ಲದಿದ್ರೆ ಬೇರೆಯವರನ್ನು ಇಟ್ಕೊಳ್ತೇನೆ."

ಮರುದಿನ ಮನೆಗಳ ಮುಂದಿನ ಉದ್ದ ಜಗಲಿಯಲ್ಲಿ, ಸರಕಾರ ಹೇಳಿದಷ್ಟು ದೂರ ಬಿಟ್ಟು ನಿಂತು, ಶರ್ಮಿಳಕ್ಕ ನಕ್ಕರು. "ಟೀವಿಯಲ್ಲಿ ಸುಳ್ಳು ಹಾಲು ಮಾರಿದೆ. ಇನ್ನು ನಿಜದ ಹಾಲು." ನಕ್ಕರೂ ಕಣ್ಣು ನಗಲಿಲ್ಲ. ಒಮ್ಮೆ ಆ ಕೌಂಟರಿನ ಹಿಂದೆ ಕೂತರೆ ಮತ್ತೆ ಏಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆಗ ನಟರನ್ನು ಕಳಿಸುವ ಏಜೆನ್ಸಿಯ ಮಾರ್ಲೂಸ್ ಎಂಬ ಹೆಂಗಸು ಕರೆದಳು. ದೊಡ್ಡ ದೊಡ್ಡ ಆಫೀಸುಗಳ ಪೇಟೆಯಾದ ಜೈಡಾಸ್‌ನ ಒಂದು ಬ್ಯಾಂಕು ಜನರನ್ನು ಕೆಲಸದಿಂದ ತೆಗೆಯುವುದರಲ್ಲಿತ್ತು. ಅದನ್ನು ವಿಡಿಯೋದಲ್ಲಿ ಹೇಳುವುದು ಹೇಗೆಂದು ಮ್ಯಾನೇಜರುಗಳಿಗೆ ಕಲಿಸಬೇಕು. ಗುರುವಾರದ ಮೊದಲ ಪಾಠ ಹಿಡಿಸಿದರೆ ಬೇಸಿಗೆಯವರೆಗೆ ಕೆಲಸ. ಕಲಿಸುವವರು ಶರ್ಮಿಳಕ್ಕ, ಕೆಲಸ ಕಳೆದುಕೊಳ್ಳುವವನು ಇನ್ನೊಬ್ಬ ನಟ. ಬುಧವಾರ ಆ ನಟನಿಗೆ ಜ್ವರ ಬಂತು. ಶರ್ಮಿಳಕ್ಕ ನಮ್ಮ ಬಾಗಿಲಿಗೆ ಬಂದರು.

"ಕೂಸಪ್ಪಣ್ಣ, ನಾಳೆ ನಿಮ್ಮನ್ನು ಕೆಲಸದಿಂದ ತೆಗೀಬೇಕಿತ್ತು."

ನನಗೆ ಕ್ಯಾಂಟೀನಿನವರೇ ಹೇಳಿ ಕಳಿಸಿದ ಹಾಗಾಗಿ ಕೈಯಲ್ಲಿದ್ದ ಈರುಳ್ಳಿ ಕೆಳಗೆ ಬಿತ್ತು.

"ನಟನೆ ಮಾರಾಯ್ರೆ! ಸುಳ್ಳು ಸುಳ್ಳೇ ತೆಗೆಯುದು."

"ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಕ್ಕ."

"ಮಾತೇ ಇಲ್ಲ. ಸುಮ್ನೆ ಕೂತ್ರೆ ಆಯ್ತು. ಬಾಯಿ ಬಿಡದ ಮನುಷ್ಯನಿಗೆ ಕೆಟ್ಟ ಸುದ್ದಿ ಹೇಳುದೇ ಕಷ್ಟ. ಅದನ್ನೇ ಅವರಿಗೆ ಕಲಿಸುದು."

ಒಳಗಿನಿಂದ ಪುಷ್ಪಾವತಿ, "ಹಾಗಾದ್ರೆ ಇವರೇ ಸರಿ. ಮದುವೆ ದಿವಸ ಹ್ಞೂಂ ಅಂದವರು ಆಮೇಲೆ ಬಾಯಿ ಬಿಟ್ಟದ್ದು ಊಟಕ್ಕೆ" ಎಂದಳು.

ಜಗಲಿಯಲ್ಲೇ ಕುರ್ಚಿ ಹಾಕಿ ಅಭ್ಯಾಸ ಮಾಡಿಸಿದರು. "ಮುಖದಲ್ಲಿ ದುಃಖ ಕಾಣ್ಬೇಕು."

"ಕಾಣ್ತದಾ?"

"ಹಸಿವು ಕಾಣ್ತದೆ. ಇರ್ಲಿ, ಲೈಟ್ ಕಡಿಮೆ ಮಾಡುವಾ."

ಗುರುವಾರ ಮಧ್ಯಾಹ್ನ ಕೋಟು ಹಾಕಿ, ತಲೆಗೆ ಎಣ್ಣೆ ಹಚ್ಚಿ, ಪುಷ್ಪಾವತಿಯ ಲ್ಯಾಪ್‌ಟಾಪ್ ಮುಂದೆ ಕೂತೆ. ಗೋಡೆಯ ಆಚೆ ಶರ್ಮಿಳಕ್ಕ ತಮ್ಮದರ ಮುಂದೆ. ಪರದೆಯ ಮೇಲೆ ಮಾರ್ಲೂಸ್ ಮತ್ತು ಯೋರಿಸ್ ಎಂಬ ಮ್ಯಾನೇಜರು. ಮ್ಯಾನೇಜರು ಎಂದರೆ ಯಾರೋ ದೊಡ್ಡವರು ಎಂದುಕೊಂಡಿದ್ದೆ. ಹುಡುಗ. ಮುಖ ಬಿಳಚಿಕೊಂಡಿತ್ತು. ಪಕ್ಕದ ತಟ್ಟೆಯಲ್ಲಿ ಚೀಸು ಇಟ್ಟ ಬ್ರೆಡ್ಡು, ಒಂದು ತುತ್ತೂ ತಿಂದಿರಲಿಲ್ಲ. ನಾನು ಅಡುಗೆಯವನು, ಕಣ್ಣು ಮೊದಲು ಅಲ್ಲಿಗೇ ಹೋಯಿತು.

"ಮಿಸ್ಟರ್ ಕೂಸಪ್ಪ, ನಿಮಗೆ ಒಂದು ಕೆಟ್ಟ ಸುದ್ದಿ ಹೇಳಬೇಕಾಗಿದೆ" ಎಂದು ಅವನು ಇಂಗ್ಲಿಷಿನಲ್ಲಿ ಶುರು ಮಾಡಿದ.

ಊರಿನ ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಕೆಟ್ಟ ಸುದ್ದಿ ಆಡುವ ಕ್ರಮವಿಲ್ಲ. ಸಾವಿನ ಸುದ್ದಿ ತಂದವನೂ ಅಂಗಳದಲ್ಲೇ ನಿಂತು, ಒಳಗೆ ಊಟ ಆಯಿತಾ ಎಂದು ವಿಚಾರಿಸಿಕೊಂಡು ಬಾಯಿ ಬಿಡುತ್ತಾನೆ. ಆಗಿಲ್ಲದಿದ್ದರೆ ಅವನನ್ನೂ ಕೂರಿಸಿ ಬಡಿಸುತ್ತಾರೆ. ನಾನು ಬೆಳೆದದ್ದೇ ಹಾಗೆ. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

"ಸರ್, ಫಸ್ಟ್ ಈಟ್. ದೆನ್ ಟೆಲ್."

ಯೋರಿಸ್ ಮಾರ್ಲೂಸಳ ಮುಖ ನೋಡಿದ. ಆಮೇಲೆ ತಟ್ಟೆ ನೋಡಿದ. ಒಳ್ಳೆಯ ಹುಡುಗ, ತಿನ್ನತೊಡಗಿದ. ಬಾಯಿ ತುಂಬ ಬ್ರೆಡ್ಡು ಇದ್ದರೆ ಯಾರನ್ನೂ ಕೆಲಸದಿಂದ ತೆಗೆಯಲಾಗುವುದಿಲ್ಲ. ನಾವೆಲ್ಲ ಅವನು ಅಗಿಯುವುದನ್ನು ನೋಡುತ್ತ ಕೂತೆವು. ಸುಮ್ಮನೆ ಕೂರುವುದು ನನಗೆ ಬಂದಿದ್ದರೆ ಆಗಲೇ ಕೂರಬೇಕಿತ್ತು.

"ಓನ್ಲಿ ಬ್ರೆಡ್?" ಎಂದೆ.

ಒಬ್ಬನೇ ಇದ್ದೇನೆ, ಅಡುಗೆ ಬರುವುದಿಲ್ಲ, ಅಮ್ಮನ ಮನೆಗೆ ಹೋಗದೆ ತಿಂಗಳುಗಳಾದವು ಎಂದ. ನನಗೆ ಪಾಪ ಅನ್ನಿಸಿತು. ಗೊತ್ತಿದ್ದ ಇಂಗ್ಲಿಷಿನಲ್ಲಿ, ಗೊತ್ತಿಲ್ಲದ ಕಡೆ ಕೈಯಲ್ಲಿ ಮಾಡಿ ತೋರಿಸಿ, ಕರಿಮೆಣಸಿನ ಸಾರು ಮಾಡುವುದು ಹೇಳಿಕೊಟ್ಟೆ. ನನ್ನನ್ನು ಹೇಗೆ ತೆಗೆಯಬೇಕೆಂದು ಬರೆದಿಟ್ಟುಕೊಂಡಿದ್ದ ಹಾಳೆಯ ಹಿಂದೆ ಅವನು ಅದನ್ನು ಬರೆದುಕೊಂಡ.

"ಯೋರಿಸ್, ವಿಷಯಕ್ಕೆ ಬಾ" ಎಂದಳು ಮಾರ್ಲೂಸ್.

ಅವನು ಬಾಯಿ ಒರೆಸಿಕೊಂಡ. ನನ್ನನ್ನು ಬಹಳ ಹೊತ್ತು ನೋಡಿದ. "ಮಿಸ್ಟರ್ ಕೂಸಪ್ಪ, ನಿಮ್ಮ ಕೆಲಸ... ಸದ್ಯಕ್ಕೆ ಇರಲಿ. ಬೇಸಿಗೆ ಕಳೆಯಲಿ, ನೋಡೋಣ."

"ಥ್ಯಾಂಕ್ಯೂ ಸರ್" ಎಂದೆ. ನಿಜವಾಗಿಯೂ ಸಮಾಧಾನವಾಗಿತ್ತು. ನನಗೆ ಆ ಬ್ಯಾಂಕಿನಲ್ಲಿ ಕೆಲಸವೇ ಇಲ್ಲ ಎಂಬುದು ಮರೆತೇ ಹೋಗಿತ್ತು.

ಆಗ ಗೋಡೆ ಧಡಧಡ ಎಂದಿತು.

ಶರ್ಮಿಳಕ್ಕ ಕೆಲಸ ಬಲ್ಲವರು. ತಮ್ಮ ಮೈಕು ಬಂದ್ ಮಾಡಿಕೊಂಡೇ ಕಿರುಚಿದ್ದರು. ಪರದೆಯ ಮೇಲೆ ಅವರ ಬಾಯಿ ಮಾತ್ರ ಆಡುತ್ತಿತ್ತು. ದನಿ ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂದು, ಅಲ್ಲಿಂದ ನನ್ನ ಮೈಕಿಗೆ ಇಳಿದು, ಎಲ್ಲರ ಕಿವಿಗೂ ಹೋಯಿತು.

"ಸುಮ್ನೆ ಕೂತ್ಕೊಳ್ಳಿ ಅಂದ್ರೆ ಸಾರು ಮಾಡ್ಲಿಕ್ಕೆ ಕಲಿಸ್ತೀರಾ? ನನ್ನ ಅನ್ನಕ್ಕೆ ಮಣ್ಣು ಹಾಕಿದ್ರಲ್ಲ ಮಾರಾಯ್ರೆ! ಮೂವತ್ತು ವರ್ಷ ಕಂಡಕಂಡವರ ಎದುರು ಹಲ್ಲು ಬಿಟ್ಟು ನಿಂತಿದ್ದೇನೆ. ಒಂದು ದಿವಸ, ಒಂದೇ ಒಂದು ದಿವಸ, ಇನ್ನೊಬ್ಬರು ಬಾಯಿ ಮುಚ್ಚಿ ಕೂತ್ಕೊಳ್ಳಿ ಅಂತ ಕೇಳಿದೆ. ಅದೂ ಹೆಚ್ಚಾಯ್ತಾ? ಅಕ್ಕಿ ಕಡೆಯುವ ಕಲ್ಲು ತಂದು ಕೂರಿಸಿದ್ರೂ ಆಗ್ತಿತ್ತಲ್ಲ! ಕಲ್ಲಿಗೆ ಬರುವ ಕೆಲಸ ನಿಮಗೆ ಬರುದಿಲ್ವಾ?"

ಯೋರಿಸ್ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದ. ಮಾರ್ಲೂಸ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಹೊತ್ತು ಮೀರಿದ ಮೇಲೆ ನಾನು ಕಲ್ಲಿನ ಹಾಗೆ ಕೂತೆ.

ಸಂಜೆಗೆ ಬ್ಯಾಂಕಿನಿಂದ ಬೇಡ ಎಂದು ಬಂತು. ಹೀಗೆ, ಕೆಲಸದಿಂದ ತೆಗೆಸಿಕೊಳ್ಳುವ ಕೆಲಸದಿಂದಲೂ ನನ್ನನ್ನು ತೆಗೆದರು. ಅಷ್ಟರ ಮಟ್ಟಿಗೆ ಪಾಠ ಫಲಿಸಿತು ಎನ್ನಬಹುದು.

ತಪ್ಪಾಯಿತು ಎಂದು ಹೇಳಲು ಜಗಲಿಗೆ ಹೋದೆ. ಸಾರಿನ ಡಬ್ಬಿ ಅವರ ಬಾಗಿಲಲ್ಲಿಟ್ಟು, ಬೆಲ್ಲು ಒತ್ತಿ, ಓಡಿ ಬಂದೆ. ಬೆಳಿಗ್ಗೆ ನೋಡಿದರೆ ಡಬ್ಬಿ ಇಟ್ಟಲ್ಲೇ ಇತ್ತು. ಗೋಡೆಯ ಆಚೆ ಮಂಚದ ಅಡಿಯಿಂದ ಸೂಟ್‌ಕೇಸು ಎಳೆಯುವ ಸದ್ದು. ಆಮೇಲೆ ಕಪಾಟಿನ ಬಾಗಿಲು.

"ಹೊರಟ್ರು" ಎಂದಳು ಪುಷ್ಪಾವತಿ. ನನ್ನ ಮುಖ ನೋಡಿ ಚಹಾಕ್ಕೆ ನೀರಿಟ್ಟಳು. ಅವಳು ಬೈದಿದ್ದರೆ ವಾಸಿಯಿತ್ತು.

ಶುಕ್ರವಾರ ಮಧ್ಯಾಹ್ನ ಆಚೆ ಫೋನು ಬಡಿಯಿತು. ಶರ್ಮಿಳಕ್ಕ ಇಂಗ್ಲಿಷಿನಲ್ಲಿ "ಸಿಟ್ಟಾ? ಎಷ್ಟು ಸಿಟ್ಟು?" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲು ಬಡಿದರು. ನಾನು ಪುಷ್ಪಾವತಿಯ ಹಿಂದೆ ನಿಂತೆ.

"ಅಡಗ್ಬೇಡಿ, ಕೆಲಸ ಉಂಟು. ಮಾರ್ಲೂಸ್ ಕರೆದದ್ದು. ಟಿಲ್‌ಬರ್ಗ್‌ನಲ್ಲಿ ಒಂದು ಪಾರ್ಸೆಲ್ ಕಂಪನಿ. ಪಾರ್ಸೆಲ್ ಬರ್ಲಿಲ್ಲ ಅಂತ ದಿನಾ ಜನ ಫೋನಲ್ಲಿ ಬೈತಾರಂತೆ, ಫೋನು ತೆಗೆಯುವ ಹೊಸ ಮಕ್ಕಳು ಅಳ್ತಾರಂತೆ. ಅವರಿಗೆ ಅಭ್ಯಾಸ ಮಾಡಿಸ್ಲಿಕ್ಕೆ ಬೈಯುವವರು ಬೇಕಂತೆ. ಸಿಕ್ಕಿದ ನಟರೆಲ್ಲ ಮರ್ಯಾದೆಯಲ್ಲಿ ಬೈತಾರೆ, ನಿನ್ನೆ ಆ ಗೋಡೆಯಿಂದ ಬಂದದ್ದು ಬೇಕು ಅಂತಾಳೆ."

"ಒಳ್ಳೇದಾಯ್ತಲ್ಲ ಅಕ್ಕ" ಎಂದೆ.

"ಎಂತ ಒಳ್ಳೇದು? ನಾಳೆ ಬೆಳಿಗ್ಗೆ ಅವರ ಎದುರು ಮಾಡಿ ತೋರಿಸ್ಬೇಕು. ನನಗೆ ಒಂದಕ್ಷರ ನೆನಪಿಲ್ಲ. ಈಗ ಬೈಲಿಕ್ಕೆ ಹೋದ್ರೆ ನರ್ಸಿನ ದನಿಯೇ ಬರ್ತದೆ. ನೀವು ಹೇಳಿ, ಇಂಗ್ಲಿಷಿಗೆ ನಾನು ತಿರುಗಿಸ್ತೇನೆ. ನಿನ್ನೆ ನಾನು ಎಂತ ಎಂತ ಹೇಳಿದೆ?"

ನನ್ನನ್ನು ಬೈದದ್ದನ್ನು ನಾನೇ ಒಪ್ಪಿಸಬೇಕಾಯಿತು. ಕೈ ಕಟ್ಟಿ ನಿಂತು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಶುರು ಮಾಡಿದೆ. "ಅನ್ನಕ್ಕೆ ಮಣ್ಣು ಹಾಕಿದ್ರಲ್ಲ ಅಂದ್ರಿ. ಆಮೇಲೆ ಕಲ್ಲು ಅಂದ್ರಿ."

"ಬರೇ ಕಲ್ಲಲ್ಲ, ಕಡೆಯುವ ಕಲ್ಲು" ಎಂದು ಪುಷ್ಪಾವತಿ ತಿದ್ದಿದಳು. "ಮಧ್ಯದಲ್ಲಿ ಹಲ್ಲು ಬಿಟ್ಟು ನಿಂತದ್ದು ಬಿಟ್ರಿ." ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು. ನಿದ್ದೆಯಲ್ಲೂ ಹೇಳಿಕೊಂಡಿದ್ದಳೋ ಏನೋ.

ಶರ್ಮಿಳಕ್ಕ ತುಟಿ ಆಡಿಸುತ್ತ ಕೇಳಿದರು. ನಾನು ಎರಡನೇ ಸಲ ಒಪ್ಪಿಸಿ, ಎಂದಿನ ಅಭ್ಯಾಸದಲ್ಲಿ, "ನಿಮ್ಮದು ಊಟ ಆಯ್ತಾ ಅಕ್ಕ?" ಎಂದುಬಿಟ್ಟೆ.

ಅವರ ಕತ್ತಿನ ನರ ಎದ್ದಿತು. ಜಗಲಿಯ ಆ ತುದಿಯ ಮನೆಯವರೆಗೂ ಬಾಗಿಲುಗಳು ತೆರೆದವು. ಏನು ಬೈದರೆಂದು ಇಲ್ಲಿ ಬರೆಯುವುದಿಲ್ಲ, ಹೊಸತಾಗಿ ಬಹಳ ಸೇರಿಸಿದ್ದರು. ಮುಗಿದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡರು.

"ಬಂತು" ಎಂದರು. ಕಣ್ಣೊರೆಸಿಕೊಂಡರು.

ಶನಿವಾರ ಟಿಲ್‌ಬರ್ಗ್‌ನವರು ಅವರನ್ನು ಬೇಸಿಗೆಯವರೆಗೆ ಇಟ್ಟುಕೊಂಡರು. ಭಾನುವಾರ ಅವರೇ ಲೆಸ್ಟರ್‌ಗೆ ಫೋನು ಮಾಡಿದರು. ನಾವಿಬ್ಬರೂ ಪಾತ್ರೆ ತೊಳೆಯುವುದು ನಿಲ್ಲಿಸಿದೆವು.

"ಪ್ರೀತಮ್, ನಾನು ಬರುದಿಲ್ಲ. ಇಲ್ಲಿ ಬೈಲಿಕ್ಕೆ ಕೆಲಸ ಸಿಕ್ಕಿದೆ."

"ಬೈಲಿಕ್ಕೆ ಸಂಬಳ ಕೊಡ್ತಾರಾ ಅಕ್ಕ?"

"ಕೊಡ್ತಾರೆ ಮಾರಾಯ. ಪಾಪ, ಅಮ್ಮ ಜೀವಮಾನವಿಡೀ ಧರ್ಮಕ್ಕೆ ಮಾಡಿದ್ರು."