ಕಡಲಹಕ್ಕಿಯ ಪ್ರಬಂಧ ತರಿಸಿಕೊಂಡ ಫ್ರೌಕ್ಯ

ಹಾರ್ಲಿಂಗನ್ ಬಂದರಿನಲ್ಲಿ ಹೆರಿಂಗ್ ಮೀನು ಮಾರುವ ಫ್ರೌಕ್ಯಳಿಗೆ ಕಡಲಹಕ್ಕಿಗಳ ಕಾಟ ವಿಪರೀತ. ಗಿರಾಕಿ ಅಲ್ಲಿನ ರೂಢಿಯಂತೆ ಅಂಗಡಿಯ ಮುಂದೆಯೇ ನಿಂತು ತಿನ್ನಲು ಮೀನಿನ ಬಾಲ ಹಿಡಿದು, ತಲೆಯೆತ್ತಿ ಬಾಯಿ ತೆರೆಯುವಷ್ಟರಲ್ಲಿ ಹಕ್ಕಿ ಎಗರಿಸಿಬಿಡುತ್ತಿತ್ತು. ಗಿರಾಕಿ ಬಾಯಿ ತೆರೆದೇ ನಿಂತಿರುತ್ತಿದ್ದ. ಪೊರಕೆ ಬೀಸಿದಳು, ಪ್ಲಾಸ್ಟಿಕ್ ಗೂಬೆ ಕೂರಿಸಿದಳು. ಹಕ್ಕಿಗಳು ಗೂಬೆಯ ತಲೆಯ ಮೇಲೇ ಕೂತು ಹೊಂಚುಹಾಕಿದವು.

ಓದಿದವರು ಯಾರಾದರೂ ಇದಕ್ಕೊಂದು ಉಪಾಯ ಕಂಡುಹಿಡಿದಿರಬೇಕೆಂದು ಅಂತರ್ಜಾಲದಲ್ಲಿ ಹುಡುಕಿದಳು. ಹಕ್ಕಿಗಳ ಕಳ್ಳತನದ ಮೇಲೆಯೇ ಒಂದು ಪ್ರಬಂಧ ಸಿಕ್ಕಿತು. ಆದರೆ ಸಾರಾಂಶ ಮುಗಿಯುತ್ತಲೇ ಬೀಗ. ಮುಂದಕ್ಕೆ ಓದಲು ದುಡ್ಡು. ಗ್ರಂಥಾಲಯದ ಹಿಸ್ಕೆಯ ಹತ್ತಿರ ಹೋಗಿ ಗೋಳು ಹೇಳಿಕೊಂಡಳು.

“ದುಡ್ಡು ಕೊಟ್ಟುಬಿಟ್ಟೀಯ ಮತ್ತೆ,” ಎಂದಳು ಹಿಸ್ಕೆ. “ಶೀರ್ಷಿಕೆ ಪೂರ್ತಿ ಹಾಕಿ ಹುಡುಕು. ಬರೆದೋರು ಅವರ ಯೂನಿವರ್ಸಿಟಿ ಪುಟದಲ್ಲಿ ಒಂದು ಪ್ರತಿ ಇಟ್ಟಿರ್ತಾರೆ. ಅಲ್ಲೂ ಇಲ್ಲಾಂದ್ರೆ ಅವರಿಗೇ ಒಂದು ಮೇಲ್ ಹಾಕು.”

“ಮೀನು ಮಾರೋಳಿಗೆ ಕೊಡ್ತಾರಾ?”

“ಅವರು ಬರೆದಿದ್ದನ್ನ ಕೇಳಿ ಓದೋರು ಯಾರಿದಾರೆ ಮಾರಾಯ್ತಿ. ಕುಣಿದಾಡಿಬಿಡ್ತಾರೆ.”

ಪುಟದಲ್ಲಿ ಸಿಗಲಿಲ್ಲ. ಮೇಲ್ ಹಾಕಿದಳು. ಕಾಫಿ ಆರುವ ಮೊದಲೇ ನಿವೃತ್ತ ಪ್ರಾಧ್ಯಾಪಕ ಟರ್ಪ್‌ಸ್ಟ್ರಾ ಅದನ್ನು ಕಳಿಸಿದರು. ಜೊತೆಗೆ ತಾವು ಜೀವಮಾನದಲ್ಲಿ ಬರೆದ ಉಳಿದೆಲ್ಲವನ್ನೂ. ಮರುದಿನ ಅವರದೇ ಫೋನ್ ಬಂತು.

“ಓದಿದ್ರಾ? ಮೂರನೇ ಭಾಗ ಹೇಗನ್ನಿಸ್ತು?”

ಹಕ್ಕಿಯನ್ನು ದಿಟ್ಟಿಸಿ ನೋಡಿದರೆ ಅದು ಹಿಂಜರಿಯುತ್ತದೆ ಎನ್ನುವವರೆಗೆ ಮಾತ್ರ ಅವಳು ಓದಿದ್ದಳು. “ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಗಿರಾಕಿ ಮೀನು ತಿನ್ನೋದಾ, ಹಕ್ಕಿ ನೋಡೋದಾ?”

“ನಾನೇ ಬಂದು ತೋರಿಸ್ತೀನಿ, ಇರಿ.”

ಶನಿವಾರ ಬಂದೇ ಬಂದರು. ಕೈಯಲ್ಲಿ ಮೀನು ಹಿಡಿದು, ಎದುರಿನ ಹಕ್ಕಿಯನ್ನು ನೆಟ್ಟ ನೋಟದಿಂದ ನೋಡುತ್ತಾ ನಿಂತರು. ಹಕ್ಕಿ ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಜನ ಸೇರಿದರು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಇನ್ನೊಂದು ಹಕ್ಕಿ ಬಂದು ಮೀನನ್ನು ಹಾರಿಸಿಕೊಂಡು ಹೋಯಿತು. ಮೇಷ್ಟ್ರಿಗೆ ಅವಮಾನವಾಯಿತೇನೋ ಎಂದು ಎಲ್ಲರೂ ನೆಲ ನೋಡಿದರು. ಮೇಷ್ಟ್ರ ಮುಖ ಮಾತ್ರ ಅರಳಿತ್ತು.

“ಹಿಂದಿನಿಂದ ಬಂತು, ನೋಡಿದ್ರಾ? ಇದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಮೀನು ಕೊಡಿ.”

ಸಂಜೆಯವರೆಗೂ ಅವರು ಮೀನು ಕಳೆದುಕೊಳ್ಳುತ್ತಲೇ ಇದ್ದರು, ಪ್ರತಿ ಸಲವೂ ಬೆನ್ನ ಹಿಂದಿನಿಂದಲೇ. ಫ್ರೌಕ್ಯಳಿಗೆ ವಿಷಯ ಹೊಳೆಯಿತು. ಅಂದಿನಿಂದ ಗಿರಾಕಿಗಳನ್ನೆಲ್ಲ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ತಿನ್ನಿಸತೊಡಗಿದಳು. ಹಕ್ಕಿಗಳು ಬೇಸತ್ತು ಪಕ್ಕದಲ್ಲಿ ಐಸ್‌ಕ್ರೀಮ್ ಮಾರುವ ವೀಬೆಯ ಅಂಗಡಿಯನ್ನು ಮುತ್ತಿದವು. ಅವನು ಬುಸುಗುಡುತ್ತಾ ಬಂದ.

“ಏನೇ ಮಾಡ್ದೆ ಅವಕ್ಕೆ?”

“ಪ್ರಬಂಧ ಕಳಿಸ್ತೀನಿ, ಓದ್ಕೋ. ಪುಕ್ಕಟೆ. ಮೇಷ್ಟ್ರಿಗೆ ನಿನ್ನ ನಂಬರೂ ಕೊಟ್ಟಿದೀನಿ, ಮೂರನೇ ಭಾಗ ಸರಿಯಾಗಿ ಓದಿರು.”

ವೀಬೆ ತಮಾಷೆ ಅಂದುಕೊಂಡ.