ದೋಷದ ರಿಜಿಸ್ಟರಿನಲ್ಲೊಂದು ಕೆಮ್ಮು

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ನಮ್ಮ ಕ್ವಾಲಿಟಿ ಸೂಪರ್‌ವೈಸರ್ ಒಂದು ಕಪ್ಪು ಬೀಜ ಕಂಡರೂ ಅಂಗೈಯಲ್ಲಿಟ್ಟು ಮೂಸಿ, "ಇದು ಎಲ್ಲಿಂದ ಬಂತು?" ಅನ್ನುವವರು. ಕಾರಣ ಸರಿಪಡಿಸುವ ತನಕ ದೋಷದ ರಿಜಿಸ್ಟರಿಗೆ ಸಹಿ ಹಾಕುತ್ತಿರಲಿಲ್ಲ. ಒಂದು ದಿನ ಬೀಜ ಆರಿಸುವ ಹೆಂಗಸೊಬ್ಬಳು ಬಿಡದೆ ಕೆಮ್ಮಿದಳು. ಇವರು ಅದೇ ಪ್ರಶ್ನೆ ಕೇಳಿ, ಅದೇ ರಿಜಿಸ್ಟರಿನಲ್ಲಿ "ಕೆಮ್ಮು. ಕಾರಣ: ಹೊಟ್ಟಿನ ಧೂಳು" ಎಂದು ಬರೆದರು.

"ಇದು ಕಾಫಿ ರಿಜಿಸ್ಟರ್ ಮಾರಾಯ್ರೇ!" ಎಂದು ಮ್ಯಾನೇಜರ್ ರೇಗಿದರು.

"ಹೌದು ಸಾರ್. ಇನ್ನು ಹಾಳೆ ಹರಿಯೋ ಹಾಗಿಲ್ಲ, ಆಡಿಟ್‌ನವರು ಕೇಳ್ತಾರೆ."

ಧೂಳೆಳೆಯುವ ಫ್ಯಾನ್ ಬಂತು. ಕೆಮ್ಮನ್ನು ಆ ರಿಜಿಸ್ಟರಿನಲ್ಲಿ ಬರೆದದ್ದು ಜಾಣತನವೋ ಬರೀ ಅಭ್ಯಾಸವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವರು ನಿವೃತ್ತರಾದ ಮೇಲೆ ರಿಜಿಸ್ಟರ್ ನನ್ನ ಕೈಗೆ ಬಂದಿದೆ; ಕೆಮ್ಮಿನ ಸಾಲಿಗೆ ಮಾತ್ರ ಅವರು ಸಹಿ ಹಾಕಿರಲಿಲ್ಲ.

"ಧೂಳು ಹೋಯ್ತಲ್ಲ, ಸಹಿ ಹಾಕಿ ಮುಗಿಸು," ಅನ್ನುತ್ತಾರೆ ಮ್ಯಾನೇಜರ್. ಪೆನ್ನು ಎತ್ತಿದಾಗಲೆಲ್ಲ ಪಕ್ಕದ ಹಾಲ್‌ನಿಂದ ಆಕೆಯ ಕೆಮ್ಮು ಕೇಳಿಸುತ್ತದೆ.